ಡಿಸ್ಪ್ಯಾಚ್: ವಿಲೇವಾರಿಯಾ, ಬರೀ ರವಾನೆಯಾ?

  ಇವತ್ತು ನಾನು ಎತ್ತಿಕೊಂಡಿರೋ ಪದ ಇಂಗ್ಲಿಷಿನದು. ಆದರೆ ನಮ್ಮ ಯಾವುದೇ ತಾಲ್ಲೂಕು ಕಚೇರಿಗೆ ಹೋದರೂ ಕಿವಿಗೆ ಬೀಳುತ್ತೆ. ಆ ಪದ ಡಿಸ್ಪ್ಯಾಚ್.

"ನಿಮ್ಮ ಅರ್ಜಿ ಏನಾಯ್ತು ಅಂತ ಕೇಳ್ತಿದೀರಾ? ಅದು ಡಿಸ್ಪ್ಯಾಚ್ ಆಗಿದೆ ನೋಡಿ." ಈ ಮಾತು ಕೇಳದ ಕನ್ನಡಿಗರು ಕಡಿಮೆ. ಕಚೇರಿಯಲ್ಲಿ ಅದಕ್ಕೊಂದು ಶಾಖೆ, ಒಂದು ದಪ್ಪನೆಯ ರಿಜಿಸ್ಟರು, ಅದರಲ್ಲೊಂದು ನಂಬರು. ಆನ್‌ಲೈನ್‌ನಲ್ಲಿ ಚಪ್ಪಲಿ ತರಿಸಿಕೊಂಡರೂ ಅದೇ ಮಾತು ಮೊಬೈಲಿಗೆ ಬರುತ್ತೆ, ಡಿಸ್ಪ್ಯಾಚ್ ಆಗಿದೆ ಅಂತ. ಎರಡೂ ಕಡೆ ಅದರ ಅರ್ಥ ಒಂದೇ: ವಸ್ತು ನಮ್ಮ ಕೈಬಿಟ್ಟು ಹೊರಟಿದೆ. ನಿಮಗೆ ತಲುಪಿದೆ ಅಂತ ಅಲ್ಲ, ನಿಮ್ಮ ಕೆಲಸ ಆಗಿದೆ ಅಂತಂತೂ ಅಲ್ಲವೇ ಅಲ್ಲ.

ವಿಚಿತ್ರ ಅಂದ್ರೆ, ಈ ಪದ ಹುಟ್ಟಿದಾಗ ಅದರ ಅರ್ಥ ಹೆಚ್ಚುಕಡಿಮೆ ಇದಕ್ಕೆ ತಿರುಗುಮುರುಗಾಗಿತ್ತು. ಡಿಸ್ಪ್ಯಾಚ್ ಅಂದ್ರೆ ಕೆಲಸ ಮುಗಿಸೋದು, ಅದೂ ಬೇಗ ಮುಗಿಸೋದು. ಕಾಗದ ಕಳಿಸೋದು ಅದರ ಒಂದು ಭಾಗ ಅಷ್ಟೇ. ಕೆಲಸ ಮುಗಿಸೋ ಪದ ಕಾಗದ ಕಳಿಸೋ ಪದವಾಗಿ ಬದಲಾದ ಕಥೆಯನ್ನ ಇವತ್ತು ಹೇಳ್ತೀನಿ. ಆ ಕಥೆಯ ನಡುವೆ ನಮ್ಮ ಮೈಸೂರಿನ ಒಬ್ಬ ಮಹಾರಾಜರೂ ಬರ್ತಾರೆ.

ಮೊದಲು ಪದದ ಹುಟ್ಟು. ಇಂಗ್ಲಿಷಿನಲ್ಲಿ ಇದರ ಮೊದಲ ಬಳಕೆ ಅಂತ ನಿಘಂಟುಗಳು ತೋರಿಸೋದು 1517ನೇ ಇಸವಿಯನ್ನ. ಬರೆದವನು ಕತ್‌ಬರ್ಟ್ ಟನ್‌ಸ್ಟಾಲ್. ಮುಂದೆ ಬಿಷಪ್ ಆದ ಈತ ಎಂಟನೇ ಹೆನ್ರಿಯ ರಾಯಭಾರಿಯಾಗಿ ಸ್ಪೇನಿನ ವ್ಯವಹಾರ ನೋಡಿಕೊಳ್ಳುತ್ತಿದ್ದ. ಪದ ಇಂಗ್ಲಿಷಿಗೆ ಬಂದದ್ದು ರಾಯಭಾರಿಗಳ ಕೈಯಿಂದ ಅನ್ನೋದು ಇಲ್ಲಿ ಗಮನಿಸಬೇಕಾದ ಸಂಗತಿ. ಸ್ಪ್ಯಾನಿಷ್‌ನಲ್ಲಿ 'ದೆಸ್ಪಚಾರ್', ಇಟಾಲಿಯನ್‌ನಲ್ಲಿ 'ದಿಸ್ಪಚ್ಚಾರೆ' ಅಂತ ಕ್ರಿಯಾಪದಗಳಿದ್ದವು. ಅವುಗಳ ಅರ್ಥ ಚುರುಕಾಗಿ ಇತ್ಯರ್ಥ ಮಾಡು, ತೊಡಕು ಬಿಡಿಸಿ ಮುಂದಕ್ಕೆ ಸಾಗಿಸು ಅಂತ. ವೆನಿಸ್ ಗಣರಾಜ್ಯದ ರಾಯಭಾರಿಗಳು ತಮ್ಮ ಊರಿಗೆ ತಪ್ಪದೆ ಬರೆಯುತ್ತಿದ್ದ ವರದಿಪತ್ರಗಳಿಗೆ 'ದಿಸ್ಪಾಚ್ಚಿ' ಅಂತಲೇ ಹೆಸರು. ಯುರೋಪಿನ ಅರಮನೆಗಳ ಒಳಸುದ್ದಿ ಬೇಕಾದ ಚರಿತ್ರೆಕಾರರು ಇವತ್ತಿಗೂ ಆ ಕಟ್ಟುಗಳನ್ನೇ ಬಿಚ್ಚುತ್ತಾರೆ. ಸ್ಪೇನಿನಲ್ಲಿ ಈ ಪದ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ 'ದೆಸ್ಪಾಚೊ' ಅಂದ್ರೆ ಈಗ ಕಚೇರಿ ಕೋಣೆ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಬೇಗ ಬೇಗ ಅರ್ಥಗಳು ಬೆಳೆದವು. ಆಳನ್ನ ಕೆಲಸದ ಮೇಲೆ ಕಳಿಸೋದು ಡಿಸ್ಪ್ಯಾಚ್. ವ್ಯವಹಾರ ತೀರಿಸೋದು ಡಿಸ್ಪ್ಯಾಚ್. ಊಟವನ್ನ ಗಬಗಬ ತಿಂದು ಮುಗಿಸೋದೂ ಡಿಸ್ಪ್ಯಾಚೇ. ಒಬ್ಬನನ್ನ ಕೊಂದು ಹಾಕೋದಕ್ಕೂ ಅದೇ ಮಾತು. ಇದು ನಮಗೆ ಹೊಸದೇನಲ್ಲ. 'ಅವನ ಕಥೆ ಮುಗಿಸಿದರು' ಅಂತ ನಾವೂ ಅಂತೀವಲ್ಲ, ಅದೇ ದಾರಿ. ಈ ಎಲ್ಲ ಅರ್ಥಗಳ ಹಿಂದೆ ಇರೋದು ಒಂದೇ: ಎದುರಿಗಿದ್ದದ್ದು ಇನ್ನು ಎದುರಿಗಿಲ್ಲ, ತೀರಿತು.

17ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿಸ್ ಬೇಕನ್ ಈ ಪದದ ಮೇಲೇ ಒಂದು ಪುಟ್ಟ ಪ್ರಬಂಧ ಬರೆದ. ಆತ ಬರೀ ಬರಹಗಾರನಲ್ಲ, ಮುಂದೆ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆದವನು, ಕಡತಗಳ ನಡುವೆ ಬದುಕಿದವನು. ಅವನು ಹೇಳೋದು ಇಷ್ಟು: ಅವಸರ ತೋರಿಸೋದು ಚುರುಕುತನ ಅಲ್ಲ. ಸಭೆ ಬೇಗ ಮುಗೀತು ಅಂತ ಕೆಲಸ ಬೇಗ ಆಯ್ತು ಅಂತಲೂ ಅಲ್ಲ. ಕೆಲಸ ಎಷ್ಟು ಮುಂದೆ ಹೋಯ್ತು ಅನ್ನೋದರಿಂದ ಅದನ್ನ ಅಳೀಬೇಕು. ಅದೇ ಪ್ರಬಂಧದಲ್ಲಿ ಆ ಕಾಲದ ಒಂದು ತಮಾಷೆಯೂ ಇದೆ. ಸ್ಪೇನಿನ ಸರ್ಕಾರ ನಿಧಾನಕ್ಕೆ ಎಷ್ಟು ಹೆಸರುವಾಸಿ ಅಂದ್ರೆ, ನನ್ನ ಸಾವು ಸ್ಪೇನಿನಿಂದಲೇ ಬರಲಿ ಅಂತ ಜನ ಹಾರೈಸಿಕೊಳ್ಳುತ್ತಿದ್ದರಂತೆ. ಹಾಗಾದರೆ ಅದು ಬರೋದು ಖಂಡಿತ ತಡ! ಚುರುಕುತನದ ಪದವನ್ನ ಕೊಟ್ಟ ಭಾಷೆಯ ನಾಡಿಗೇ ನಿಧಾನದ ಕೀರ್ತಿ ಬಂತು. ಇದಕ್ಕೆ ಕಾರಣವೂ ಇತ್ತು. ಸ್ಪೇನಿನ ದೊರೆ ಎರಡನೇ ಫಿಲಿಪ್ ಅಷ್ಟು ದೊಡ್ಡ ಸಾಮ್ರಾಜ್ಯವನ್ನ ಮೇಜಿನ ಮೇಲಿನ ಕಾಗದಗಳಿಂದಲೇ ಆಳಲು ಹೊರಟವನು. ಬಂದ ಪತ್ರಗಳನ್ನ ತಾನೇ ಓದಿ, ಅಂಚಿನಲ್ಲಿ ತನ್ನ ಕೈಯಾರೆ ಷರಾ ಬರೆಯುತ್ತಿದ್ದ. ಪತ್ರಗಳು ಹೆಚ್ಚಾದಂತೆ ತೀರ್ಮಾನಗಳು ತಡವಾದವು.

ಒಂದು ಮಾತು ಕಾಗುಣಿತದ ಬಗ್ಗೆ. ಇಂಗ್ಲಿಷಿನಲ್ಲಿ ಇದನ್ನ 'ಡಿಸ್' ಅಂತಲೂ ಬರೀತಾರೆ, 'ಡೆಸ್' ಅಂತಲೂ ಬರೀತಾರೆ. ಹಳೆಯದು 'ಡಿಸ್'. ಆದರೆ 1755ರಲ್ಲಿ ಸ್ಯಾಮುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟಿನಲ್ಲಿ ಇದನ್ನ 'ಡೆಸ್' ಅಕ್ಷರಗಳ ಕೆಳಗೆ ಹಾಕಿಬಿಟ್ಟ. ತಮಾಷೆ ಅಂದ್ರೆ ತಾನು ಬರೆಯುವಾಗ ಅವನು ಬಳಸುತ್ತಿದ್ದದ್ದು 'ಡಿಸ್'. ನಿಘಂಟು ನೋಡಿದವರು 'ಡೆಸ್' ಹಿಡಿದರು. ಆರ್ಥರ್ ವೆಲ್ಲೆಸ್ಲಿ, ಅಂದ್ರೆ ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿನ ಆಡಳಿತ ವಹಿಸಿಕೊಂಡು ಆಮೇಲೆ ವೆಲಿಂಗ್ಟನ್ ಡ್ಯೂಕ್ ಆದವನು, ಅವನ ಪತ್ರಸಂಪುಟಗಳಲ್ಲೇ ಇದು ಕಾಣುತ್ತೆ. 1834ರಿಂದ ಬಂದ ಮೊದಲ ಸಂಪುಟಗಳ ಹೆಸರಲ್ಲಿ 'ಡಿಸ್', ಆಮೇಲೆ ಅವನ ಮಗ ಹೊರತಂದ ಪೂರಕ ಸಂಪುಟಗಳ ಹೆಸರಲ್ಲಿ 'ಡೆಸ್'. ನಮ್ಮ ಕಚೇರಿಗಳ ಇಂಗ್ಲಿಷ್ ಬೋರ್ಡುಗಳಲ್ಲಿ ಎರಡೂ ಕಾಣಿಸಿದರೆ ಗುಮಾಸ್ತರನ್ನ ಬೈಯಬೇಡಿ, ಜಾನ್ಸನ್‌ನನ್ನ ಬೈಯಿರಿ.

ಈಗ ಭಾರತಕ್ಕೆ ಬರೋಣ. ಈ ಪದ ನಮ್ಮ ನೆಲಕ್ಕೆ ಇಳಿದದ್ದು ಈಸ್ಟ್ ಇಂಡಿಯಾ ಕಂಪನಿಯ ಜೊತೆಗೆ. ಕಂಪನಿಯ ನಿರ್ದೇಶಕರು ಕೂರುತ್ತಿದ್ದದ್ದು ಲಂಡನ್ನಿನ ಲೆಡನ್‌ಹಾಲ್ ಬೀದಿಯಲ್ಲಿ. ಆಳಬೇಕಾದ ನಾಡು ಆಫ್ರಿಕಾದ ತುದಿ ಸುತ್ತಿ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ದೂರದಲ್ಲಿ. ಹಾಗಾಗಿ ಆಳ್ವಿಕೆ ಅಂದ್ರೆ ಪತ್ರವ್ಯವಹಾರ. ಇಲ್ಲಿಂದ ಹೋಗುವ ವರದಿ, ಅಲ್ಲಿಂದ ಬರುವ ಆದೇಶ, ಎರಡಕ್ಕೂ ಡಿಸ್ಪ್ಯಾಚ್ ಅಂತಲೇ ಹೆಸರು. ಒಂದೊಂದು ಸಂಗತಿಗೂ ಸಂಖ್ಯೆ ಹಾಕಿದ ಪ್ಯಾರಾಗಳು. ಹಡಗು ಮುಳುಗಿದರೆ ಏನು ಗತಿ ಅಂತ ಅದರ ನಕಲುಗಳು ಬೇರೆ ಬೇರೆ ಹಡಗಿನಲ್ಲಿ. ಪತ್ರದ ಕೊನೆಗೆ ನಿರ್ದೇಶಕರು ಸಹಿ ಮಾಡುತ್ತಿದ್ದ ಒಕ್ಕಣೆ ಕೇಳಿ, 'ನಿಮ್ಮ ಪ್ರೀತಿಯ ಗೆಳೆಯರು' ಅಂತ. ಒಳಗೆ ಎಂಥ ಛೀಮಾರಿ ಇದ್ದರೂ ಕೊನೆಗೆ ಪ್ರೀತಿಯ ಗೆಳೆಯರೇ.

ಅಂಥ ಒಂದು ಪತ್ರ ತಯಾರಾಗೋದು ಹೇಗೆ? 1784ರ ಕಾಯಿದೆಯ ನಂತರ ಬ್ರಿಟಿಷ್ ಸರ್ಕಾರ ಕಂಪನಿಯ ಮೇಲೆ ನಿಗಾ ಇಡಲು ಬೋರ್ಡ್ ಆಫ್ ಕಂಟ್ರೋಲ್ ಅನ್ನೋ ಮಂಡಳಿಯನ್ನ ಕೂರಿಸಿತು. ಕಂಪನಿಯ ಕಚೇರಿಯಲ್ಲಿ ಕರಡು ತಯಾರಾಗಬೇಕು, ನಿರ್ದೇಶಕರು ನೋಡಬೇಕು, ಮಂಡಳಿಗೆ ಹೋಗಬೇಕು, ಅಲ್ಲಿ ಹೊಡೆದು ತಿದ್ದಿದ್ದು ವಾಪಸ್ ಬರಬೇಕು, ಆಮೇಲೆ ಹಡಗು ಹತ್ತಬೇಕು. ಭಾರತದಿಂದ ಕೇಳಿದ ಪ್ರಶ್ನೆಗೆ ಲಂಡನ್ನಿನ ಉತ್ತರ ಬರೋ ಹೊತ್ತಿಗೆ ಒಂದು ವರ್ಷ, ಕೆಲವೊಮ್ಮೆ ಎರಡು ವರ್ಷ. ಈ ಕರಡು ಬರೆಯುವ ಕೆಲಸದಲ್ಲಿ ಯಾರ‍್ಯಾರಿದ್ದರು ಗೊತ್ತಾ? ಸ್ವಾತಂತ್ರ್ಯದ ಬಗ್ಗೆ ಜಗತ್ತಿಗೆ ಪಾಠ ಹೇಳಿದ ದಾರ್ಶನಿಕ ಜಾನ್ ಸ್ಟುವರ್ಟ್ ಮಿಲ್. 1823ರಲ್ಲಿ ಹದಿನೇಳರ ಹುಡುಗನಾಗಿ ಕೆಲಸಕ್ಕೆ ಸೇರಿ 1858ರವರೆಗೆ ಅಲ್ಲೇ ಇದ್ದ. ಅವನು ಕರಡು ಬರೆದ ಡಿಸ್ಪ್ಯಾಚ್‌ಗಳು ಸುಮಾರು 1,700. ಅವುಗಳಲ್ಲಿ ಬಹುಪಾಲು ನಮ್ಮ ದೇಶೀ ಸಂಸ್ಥಾನಗಳಿಗೆ ಸಂಬಂಧಪಟ್ಟವು. ಮಿಲ್ ಒಂದು ಸಲವೂ ಭಾರತಕ್ಕೆ ಬಂದವನಲ್ಲ.

ನಮ್ಮಲ್ಲಿ ಆಗ ಏನಿತ್ತು ಅಂತ ನೀವು ಕೇಳಬಹುದು. ಪದಗಳಿಗೇನೂ ಬರ ಇರಲಿಲ್ಲ. ಅರಸರ ಆಜ್ಞೆಗೆ ನಿರೂಪ, ಸನ್ನದು, ಹುಕುಂ. ಸುದ್ದಿ ಒಯ್ಯಲು ಓಲೆ, ಓಲೆಕಾರ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 17ನೇ ಶತಮಾನದಲ್ಲೇ ಅಂಚೆ ವ್ಯವಸ್ಥೆ ಕಟ್ಟಿದ್ದರು. ಅದು ಪತ್ರದ ಜೊತೆಗೆ ಗುಟ್ಟಿನ ಸುದ್ದಿಯನ್ನೂ ಅರಮನೆಗೆ ಮುಟ್ಟಿಸುತ್ತಿತ್ತು. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆ ಇಲಾಖೆಯಲ್ಲಿ ವಿಲೀನ ಆಗೋವರೆಗೂ ನಡೆಯಿತು. ಇನ್ನು ಸಂಸ್ಥಾನದ ರಾಜರು ಗವರ್ನರ್ ಜನರಲ್‌ಗೆ ಬರೆಯುತ್ತಿದ್ದ ಪತ್ರಕ್ಕೆ ಖರೀತಾ ಅಂತ ಹೆಸರು. ಅರಬಿ ಮೂಲದಲ್ಲಿ ಅದರ ಅರ್ಥ ಚೀಲ. ಪತ್ರವನ್ನ ರೇಷ್ಮೆ ಚೀಲದಲ್ಲಿಟ್ಟು ಮುದ್ರೆ ಹಾಕಿ ಕಳಿಸುತ್ತಿದ್ದರು, ಚೀಲದ ಹೆಸರೇ ಪತ್ರಕ್ಕಾಯಿತು.

ಈ ಖರೀತಾಕ್ಕೂ ಡಿಸ್ಪ್ಯಾಚ್‌ಗೂ ನಡುವೆ ಸಿಕ್ಕಿಕೊಂಡ ಒಬ್ಬರ ಕಥೆ ಹೇಳ್ತೀನಿ. ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಂಪನಿ ಇವರನ್ನ ಮೈಸೂರಿನ ಗದ್ದಿಗೆ ಮೇಲೆ ಕೂರಿಸಿತು. ಆಗ ಅವರು ಐದು ವರ್ಷದ ಮಗು. ಅದೇ ವರ್ಷದ ಒಪ್ಪಂದದಲ್ಲಿ ಒಂದು ಕಲಮು ಸೇರಿಸಲಾಗಿತ್ತು: ಸಹಾಯಕ ಸೈನ್ಯದ ಹಣಕ್ಕೆ ತೊಂದರೆ ಆಗುತ್ತೆ ಅಂತ ಕಂಡರೆ ಕಂಪನಿ ಆಡಳಿತಕ್ಕೆ ಕೈಹಾಕಬಹುದು ಅಂತ. 1830ರಲ್ಲಿ ನಗರದ ಸೀಮೆಯಲ್ಲಿ ರೈತರು ದಂಗೆ ಎದ್ದರು. ಗವರ್ನರ್ ಜನರಲ್ ಬೆಂಟಿಂಕ್ 1831ರ ಸೆಪ್ಟೆಂಬರ್‌ನಲ್ಲಿ ಮಹಾರಾಜರಿಗೆ ಒಂದು ಪತ್ರ ಬರೆದ, ರಾಜ್ಯದ ಆಡಳಿತವನ್ನ ನಾವು ವಹಿಸಿಕೊಳ್ಳುತ್ತಿದ್ದೇವೆ ಅಂತ. ಅಕ್ಟೋಬರ್‌ನಲ್ಲಿ ಆಡಳಿತ ಕೈಬದಲಾಯಿತು. ಯುದ್ಧ ಇಲ್ಲ, ಮುತ್ತಿಗೆ ಇಲ್ಲ. 37 ವರ್ಷದ ಅರಸರು ಅರಮನೆಯಲ್ಲೇ ಉಳಿದರು, ಅಧಿಕಾರ ಮಾತ್ರ ಕಮಿಷನರುಗಳ ಕೈಗೆ ಹೋಯಿತು. ಕೆಲಸವನ್ನ ಚುರುಕಾಗಿ ತೀರಿಸೋದು ಅಂತ ಹಳೆಯ ಅರ್ಥ ಹೇಳಿದೆನಲ್ಲ, ಅದರ ಪ್ರಕಾರ ಇದು ನಿಜಕ್ಕೂ ಡಿಸ್ಪ್ಯಾಚ್.

ಆದರೆ ಕೊಟ್ಟದ್ದನ್ನ ವಾಪಸ್ ಪಡೆಯೋ ದಾರಿ ಹಾಗಿರಲಿಲ್ಲ. ದಂಗೆಯ ಕಾರಣ ತಿಳಿಯಲು ನೇಮಿಸಿದ ಸಮಿತಿ 1833ರ ಕೊನೆಗೆ ವರದಿ ಕೊಟ್ಟಿತು. ಮರುವರ್ಷ ಬೆಂಟಿಂಕ್ ತಾನೇ ದಕ್ಷಿಣಕ್ಕೆ ಬಂದು ನೋಡಿದ. ರಾಜ್ಯದ ಒಂದು ಭಾಗವನ್ನಾದರೂ ಮಹಾರಾಜರಿಗೆ ಹಿಂದಿರುಗಿಸೋಣ ಅಂತ ಲಂಡನ್ನಿಗೆ ಬರೆದ. ಲಂಡನ್ ಒಪ್ಪಲಿಲ್ಲ. ಕಿತ್ತುಕೊಂಡವನೇ ವಾಪಸ್ ಕೊಡೋಣ ಅಂದಾಗಲೂ, ಸಾವಿರಾರು ಮೈಲಿ ದೂರ ಕೂತವರು ಬೇಡ ಅಂದರು. ಮಹಾರಾಜರು ಬರೆಯುತ್ತಲೇ ಹೋದರು. ಗವರ್ನರ್ ಜನರಲ್‌ಗಳು ಬದಲಾದರು, 1858ರಲ್ಲಿ ಕಂಪನಿಯೇ ಹೋಗಿ ರಾಣಿಯ ಆಳ್ವಿಕೆ ಬಂತು. 1861ರಲ್ಲಿ ಅವರು ಕ್ಯಾನಿಂಗ್‌ಗೆ ಖರೀತಾ ಬರೆದು ರಾಜ್ಯ ಹಿಂದಿರುಗಿಸಿ ಅಂತ ಕೇಳಿದರು. 1862ರಲ್ಲಿ ಇಲ್ಲ ಅಂತ ಉತ್ತರ. 1863ರಲ್ಲಿ ಲಂಡನ್ನಿನ ಭಾರತ ಮಂತ್ರಿ ಆ ನಿರಾಕರಣೆಗೇ ಮುದ್ರೆ ಒತ್ತಿದ. ಆ ಮಂತ್ರಿಯ ಹೆಸರು ನೆನಪಿಡಿ, ಸರ್ ಚಾರ್ಲ್ಸ್ ವುಡ್. ಇನ್ನೊಂದು ಕಾರಣಕ್ಕೆ ಮತ್ತೆ ಬರ್ತಾನೆ.

1865ರಲ್ಲಿ ಮಹಾರಾಜರು ಎರಡು ವರ್ಷದ ಚಾಮರಾಜೇಂದ್ರರನ್ನ ದತ್ತು ತಗೊಂಡರು. ವೈಸ್‌ರಾಯ್ ಜಾನ್ ಲಾರೆನ್ಸ್ ಅದನ್ನ ರಾಜ್ಯದ ಉತ್ತರಾಧಿಕಾರ ಅಂತ ಒಪ್ಪಲಿಲ್ಲ. ಒಪ್ಪದಿದ್ದರೆ ಏನಾಗ್ತಿತ್ತು ಯೋಚಿಸಿ. ವಯಸ್ಸಾದ ಅರಸರು ತೀರಿಕೊಂಡ ದಿನವೇ ಮೈಸೂರು ಬ್ರಿಟಿಷ್ ಇಂಡಿಯಾದ ಒಂದು ತುಂಡಾಗಿ ಹೋಗೋದು. ಆ ಹೊತ್ತಿಗೆ ಇಂಗ್ಲೆಂಡಿನಲ್ಲೂ ವಿರೋಧದ ದನಿ ಎದ್ದಿತ್ತು. ಮದ್ರಾಸ್ ಸೈನ್ಯದಲ್ಲಿದ್ದ ಇವಾನ್ಸ್ ಬೆಲ್ ಮೈಸೂರಿನ ಪರವಾಗಿ ಒಂದು ಪುಸ್ತಕವನ್ನೇ ಬರೆದ. ಮಂತ್ರಿಗಳು ಬದಲಾದರು. 1867ರ ಏಪ್ರಿಲ್‌ನಲ್ಲಿ ಹೊಸ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಒಂದು ಡಿಸ್ಪ್ಯಾಚ್ ಕಳಿಸಿದ. ದತ್ತುಪುತ್ರ ಪ್ರಾಪ್ತ ವಯಸ್ಸಿಗೆ ಬಂದಾಗ, ಷರತ್ತುಗಳ ಮೇಲೆ, ರಾಜ್ಯ ಅದೇ ವಂಶದ ಕೈಯಲ್ಲಿ ಮುಂದುವರಿಯಲಿ ಅನ್ನೋದು ಅದರ ಸಾರ. ಮರುವರ್ಷ, 1868ರ ಮಾರ್ಚ್ 27ರಂದು, ಮುಮ್ಮಡಿಯವರು ತೀರಿಕೊಂಡರು. ಅಧಿಕಾರ ಹೋದ ಮೇಲೆ 36 ವರ್ಷಕ್ಕೂ ಹೆಚ್ಚು ಬದುಕಿದ್ದರು, ಅದು ತಮ್ಮ ಕೈಗೆ ವಾಪಸ್ ಬಂದದ್ದನ್ನ ನೋಡಲಿಲ್ಲ. ರಾಜ್ಯ ಚಾಮರಾಜೇಂದ್ರರ ಕೈಗೆ ಬಂದದ್ದು 1881ರ ಮಾರ್ಚ್ 25ರಂದು. ಮೈಸೂರು ಒಂದು ಸಂಸ್ಥಾನವಾಗಿ ಉಳಿಯಿತಲ್ಲ, ಆಮೇಲೆ ವಿಶ್ವೇಶ್ವರಯ್ಯನವರ ಕಾಲ, ಮೈಸೂರು ವಿಶ್ವವಿದ್ಯಾಲಯ, ನಮ್ಮ ಪಾಠದಲ್ಲಿ ಓದೋ ಎಷ್ಟೋ ಸಂಗತಿಗಳು, ಅವೆಲ್ಲ ನಿಂತಿರೋದು ಆ ಕಾಗದ ಹಾಗೆ ಬಂತು ಅನ್ನೋದರ ಮೇಲೆ. ಬೇರೆ ಥರ ಬಂದಿದ್ದರೂ ತಡೆಯುವ ಶಕ್ತಿ ಇಲ್ಲಿ ಯಾರಿಗೂ ಇರಲಿಲ್ಲ.

ಈಗ ಚಾರ್ಲ್ಸ್ ವುಡ್. ಈ ಹೆಸರನ್ನ ನೀವು ಶಾಲೆಯಲ್ಲಿ ಕೇಳಿಯೇ ಇರ್ತೀರಿ, 1854ರ ವುಡ್ಸ್ ಡಿಸ್ಪ್ಯಾಚ್. ಕನ್ನಡದಲ್ಲಿ ಕೆಲವು ಕಡೆ ಅದನ್ನ ವುಡ್ ಆಯೋಗ ಅಂತ, ವುಡ್ ವರದಿ ಅಂತ ಬರೆಯೋದುಂಟು. ಇಲ್ಲಿ ಪದದ ಅರ್ಥ ಗೊತ್ತಿರಬೇಕು. ಅದು ಆಯೋಗ ಅಲ್ಲ, ಯಾರೂ ಊರೂರು ಸುತ್ತಿ ಜನರನ್ನ ಕೇಳಿದ್ದಲ್ಲ. ವರದಿಯೂ ಅಲ್ಲ, ವರದಿ ಕೆಳಗಿನಿಂದ ಮೇಲಕ್ಕೆ ಹೋಗುತ್ತೆ. ಇದು ಮೇಲಿನಿಂದ ಕೆಳಕ್ಕೆ ಬಂದ ಆದೇಶಪತ್ರ. ವುಡ್ ಆಗ ಬೋರ್ಡ್ ಆಫ್ ಕಂಟ್ರೋಲ್‌ನ ಅಧ್ಯಕ್ಷ. ಪತ್ರ ಹೊರಟದ್ದು ಕಂಪನಿಯ ನಿರ್ದೇಶಕರ ಹೆಸರಲ್ಲಿ, 1854ರ ಜುಲೈ 19ರಂದು, ಗವರ್ನರ್ ಜನರಲ್ ಡಾಲ್‌ಹೌಸಿಯ ಸರ್ಕಾರಕ್ಕೆ. ಸಂಖ್ಯೆ ಹಾಕಿದ 100 ಪ್ಯಾರಾಗಳು. ಮೇಲಿನ ಶಿಕ್ಷಣಕ್ಕೆ ಇಂಗ್ಲಿಷ್, ಜನಸಾಮಾನ್ಯರ ಶಿಕ್ಷಣಕ್ಕೆ ಅವರವರ ಭಾಷೆ. ಪ್ರಾಂತಕ್ಕೊಂದು ಶಿಕ್ಷಣ ಇಲಾಖೆ, ಖಾಸಗಿ ಶಾಲೆಗಳಿಗೆ ಅನುದಾನ, ಶಿಕ್ಷಕರ ತರಬೇತಿ, ವಿಶ್ವವಿದ್ಯಾಲಯಗಳು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಬಂದವು. ಅನುದಾನಿತ ಶಾಲೆ ಅಂತ ಇವತ್ತು ನಾವು ಅಂತೀವಲ್ಲ, ಆ ವ್ಯವಸ್ಥೆಯ ಬೇರು ಅಲ್ಲಿದೆ. ಕೋಟ್ಯಂತರ ಮಕ್ಕಳ ಓದು ಹೇಗಿರಬೇಕು ಅನ್ನೋದು ಒಂದು ಪತ್ರದಲ್ಲಿ ತೀರ್ಮಾನವಾಯಿತು. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಅನ್ನೋ ವಾದ ಬೇರೆ. ಕೇಳಿ ಮಾಡಿದ್ದಲ್ಲ, ಕಳಿಸಿದ್ದು ಅನ್ನೋದನ್ನ ಆ ಪದವೇ ಹೇಳುತ್ತೆ.

ಅದೇ 1854ರಲ್ಲಿ ಈ ಪದಕ್ಕೆ ಇನ್ನೊಂದು ಬಾಗಿಲು ಅಗಲವಾಗಿ ತೆರೆಯಿತು. ಕಪ್ಪು ಸಮುದ್ರದ ದಡದಲ್ಲಿ ಕ್ರಿಮಿಯನ್ ಯುದ್ಧ ನಡೀತಿತ್ತು. ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್ ಸರ್ಕಾರಕ್ಕೆ ತನ್ನ ಡಿಸ್ಪ್ಯಾಚ್‌ಗಳನ್ನ ಕಳಿಸುತ್ತಿದ್ದ. ಅದೇ ಯುದ್ಧಭೂಮಿಯಿಂದ 'ದಿ ಟೈಮ್ಸ್' ಪತ್ರಿಕೆಯ ವಿಲಿಯಂ ಹೊವರ್ಡ್ ರಸೆಲ್ ತನ್ನ ಪತ್ರಿಕೆಗೆ ಬರೆಯುತ್ತಿದ್ದ. ಅಕ್ಟೋಬರ್ 25ರಂದು ಲೈಟ್ ಬ್ರಿಗೇಡ್ ಎಂಬ ಕುದುರೆ ದಳ ತಪ್ಪು ತಿಳಿದ ಆಜ್ಞೆಯಿಂದ ರಷ್ಯದ ತೋಪುಗಳ ಬಾಯಿಗೆ ನುಗ್ಗಿತು. ರಸೆಲ್ ಬರೆದದ್ದು ನವೆಂಬರ್ 14ಕ್ಕೆ ಲಂಡನ್ನಿನಲ್ಲಿ ಅಚ್ಚಾಯಿತು. ಸೈನಿಕರ ಚಳಿ, ರೋಗ, ಆಸ್ಪತ್ರೆಗಳ ದುರವಸ್ಥೆಯ ಸುದ್ದಿಯೂ ಪತ್ರಿಕೆಯಿಂದಲೇ ಜನರಿಗೆ ಮುಟ್ಟಿತು. ಸರ್ಕಾರಿ ಡಿಸ್ಪ್ಯಾಚ್ ಹೇಳದೆ ಬಿಟ್ಟದ್ದನ್ನ ವರದಿಗಾರನ ಡಿಸ್ಪ್ಯಾಚ್ ಹೇಳಿತು. 1855ರ ಆರಂಭದಲ್ಲಿ ಆ ಸರ್ಕಾರವೇ ಬಿತ್ತು. ವರದಿಗಾರರು ದೂರದಿಂದ ಕಳಿಸುವ ಸುದ್ದಿಗೆ ಇಂಗ್ಲಿಷ್ ಪತ್ರಿಕೆಗಳು ಇವತ್ತಿಗೂ ಬಳಸುವ ಪದ ಇದೇ.

ಇನ್ನು ಕಾಗದವನ್ನ ಕತ್ತರಿಸಿದರೆ ಏನಾಗುತ್ತೆ ಅನ್ನೋದಕ್ಕೆ 1870ರ ಎಮ್ಸ್ ಡಿಸ್ಪ್ಯಾಚ್ ಸಾಕ್ಷಿ. ಪ್ರಷ್ಯದ ದೊರೆ ವಿಲ್ಹೆಲ್ಮ್ ಎಮ್ಸ್ ಎಂಬ ಊರಿನಲ್ಲಿ ವಿಶ್ರಾಂತಿಗಿದ್ದಾಗ ಫ್ರಾನ್ಸಿನ ರಾಯಭಾರಿ ಬಂದು ಸ್ಪೇನಿನ ಸಿಂಹಾಸನದ ವಿಷಯಕ್ಕೆ ಒಂದು ಮಾತು ಕೊಡಿ ಅಂತ ಒತ್ತಾಯ ಮಾಡಿದ. ದೊರೆ ಒಪ್ಪಲಿಲ್ಲ, ಆದರೆ ಸಭ್ಯವಾಗೇ ಮಾತಾಡಿದ. ನಡೆದದ್ದನ್ನ ಜುಲೈ 13ರಂದು ಬರ್ಲಿನ್‌ಗೆ ತಂತಿ ಮೂಲಕ ತಿಳಿಸಲಾಯಿತು. ಪ್ರಧಾನಿ ಬಿಸ್ಮಾರ್ಕ್ ಅದಕ್ಕೆ ಹೊಸ ಮಾತೇನೂ ಸೇರಿಸದೆ, ಸಾಲುಗಳನ್ನ ಹೊಡೆದು ಚಿಕ್ಕದು ಮಾಡಿ ಪತ್ರಿಕೆಗಳಿಗೆ ಕೊಟ್ಟ. ಮೆದು ಮಾತುಗಳೆಲ್ಲ ಹೋಗಿ ಉಳಿದದ್ದು ಮುಖಕ್ಕೆ ಬಾಗಿಲು ಹಾಕಿದ ಹಾಗೆ ಕಂಡಿತು. ಜುಲೈ 19ಕ್ಕೆ ಫ್ರಾನ್ಸ್ ಯುದ್ಧ ಸಾರಿತು. ಕಾಗದ ಹಡಗಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಮೈಸೂರು ದಶಕಗಟ್ಟಲೆ ಕಾಯಿತು. ತಂತಿಯ ಕಾಲದಲ್ಲಿ ಎರಡು ದೇಶಗಳಿಗೆ ಯುದ್ಧಕ್ಕೆ ಆರು ದಿನ ಸಾಕಾಯಿತು.

ಈ ಪದದಲ್ಲಿ ಒಂದು ಗೌರವವೂ ಅಡಗಿದೆ. ಸೈನ್ಯದಲ್ಲಿ 'ಮೆನ್ಶನ್ ಇನ್ ಡಿಸ್ಪ್ಯಾಚಸ್' ಅಂತ ಒಂದು ಮನ್ನಣೆ ಉಂಟು. ಯುದ್ಧ ಮುಗಿದ ಮೇಲೆ ಸೇನಾಪತಿ ಬರೆಯುವ ವರದಿಯಲ್ಲಿ ಯಾರ ಹೆಸರು ಬಂತೋ ಅವರಿಗೆ ಅದೇ ಬಿರುದು. ಬಹುಕಾಲ ಅಲ್ಲಿ ಬರುತ್ತಿದ್ದದ್ದು ಅಧಿಕಾರಿಗಳ ಹೆಸರು ಮಾತ್ರ. 1843ರಲ್ಲಿ ಸಿಂಧ್‌ನ ಮಿಯಾನಿ ಯುದ್ಧದ ನಂತರ ಚಾರ್ಲ್ಸ್ ನೇಪಿಯರ್ ಸಾಮಾನ್ಯ ಸಿಪಾಯಿಗಳ ಹೆಸರನ್ನೂ ಬರೆದಾಗ ಅದೊಂದು ಹೊಸ ಸಂಗತಿ ಅನ್ನಿಸಿತು. ಸ್ವತಂತ್ರ ಭಾರತದ ಸೇನೆಯೂ ಈ ಮನ್ನಣೆಯನ್ನ ಉಳಿಸಿಕೊಂಡಿದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಹೊತ್ತಿನ ಶೌರ್ಯ ಪ್ರಶಸ್ತಿಗಳ ಪಟ್ಟಿಯಲ್ಲಿ ಈ ಮಾತು ಕಾಣಿಸುತ್ತೆ. ಕಾಗದದಲ್ಲಿ ಹೆಸರು ಬರೋದು ಅಂದ್ರೆ ಲೆಕ್ಕಕ್ಕೆ ಬರೋದು. ಬಾರದವರು ಮಾಡಿದ್ದು ಕಡಿಮೆ ಅಂತಲ್ಲ, ಯಾರೂ ಬರೆಯಲಿಲ್ಲ ಅಷ್ಟೇ.

ಸರಿ, ಈಗ ನಮ್ಮ ಕಚೇರಿಗೆ ವಾಪಸ್ ಬರೋಣ. ಡಿಸ್ಪ್ಯಾಚ್‌ಗೆ ಕನ್ನಡದ ಆಡಳಿತ ಭಾಷೆಯಲ್ಲಿ ನಾವು ಆರಿಸಿಕೊಂಡ ಪದ ರವಾನೆ. ರವಾನೆ ಶಾಖೆ, ರವಾನೆ ವಹಿ. ಇದು ಫಾರಸಿ ಮೂಲದ್ದು, ಅರ್ಥ ಹೊರಡೋದು. ನಮ್ಮಲ್ಲಿ ಇನ್ನೊಂದು ಪದವೂ ಇದೆ, ವಿಲೇವಾರಿ. ಕಡತ ವಿಲೇವಾರಿ ಆಯ್ತು ಅಂದ್ರೆ ಆ ವಿಷಯ ತೀರ್ಮಾನ ಆಯ್ತು ಅಂತ. ಟನ್‌ಸ್ಟಾಲ್, ಬೇಕನ್ ಬಳಸಿದ ಇಂಗ್ಲಿಷ್ ಪದದಲ್ಲಿ ಈ ಎರಡೂ ಒಟ್ಟಿಗಿದ್ದವು. ತೀರ್ಮಾನ ಮಾಡಿ ಕಳಿಸಿದರೆ ಅದು ಡಿಸ್ಪ್ಯಾಚ್. ಕಾಲ ಕಳೆದ ಹಾಗೆ ವಿಲೇವಾರಿ ಒಂದು ಕಡೆ ಉಳಿಯಿತು, ರವಾನೆ ಇನ್ನೊಂದು ಕಡೆ ಹೋಯಿತು. ಕನ್ನಡದಲ್ಲಿ ನಾವು ಎರಡನ್ನೂ ಬೇರೆ ಬೇರೆ ಪದದಲ್ಲಿ ಹೇಳ್ತೀವಿ. ನನ್ನ ಪ್ರಕಾರ ಇದು ನಮ್ಮ ಭಾಷೆಯ ಕೊರತೆ ಅಲ್ಲ, ಅನುಕೂಲ. ಇಂಗ್ಲಿಷ್ ಪದ ಮುಚ್ಚಿಡೋ ವ್ಯತ್ಯಾಸ ನಮ್ಮಲ್ಲಿ ಬಯಲಲ್ಲೇ ಇದೆ.

ಈ ವ್ಯತ್ಯಾಸ ಸಣ್ಣದಲ್ಲ. ವಿಧವಾ ವೇತನದ ಅರ್ಜಿ, ಪಹಣಿಯ ತಿದ್ದುಪಡಿ, ಜಾತಿ ಪ್ರಮಾಣಪತ್ರ, ಇಂಥವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ರವಾನೆ ಆಗುತ್ತಲೇ ಇರಬಹುದು. ಪ್ರತಿ ಮೇಜಿನ ರಿಜಿಸ್ಟರಿನಲ್ಲೂ ಕೆಲಸ ಆಗಿದೆ ಅಂತಲೇ ಇರುತ್ತೆ, ಯಾಕಂದ್ರೆ ಕಾಗದ ಅಲ್ಲಿಂದ ಹೊರಟಿದೆಯಲ್ಲ. ಕಾದು ಕೂತವರ ಕೈಗೆ ಮಾತ್ರ ಏನೂ ಬಂದಿರಲ್ಲ. ಕರ್ನಾಟಕ ಸರ್ಕಾರ 2011ರಲ್ಲಿ ಸಕಾಲ ಕಾಯಿದೆ ತಂದದ್ದರ ಹಿಂದೆ ಇದೇ ತಿಳಿವಳಿಕೆ ಇದೆ. ಅದು ಎಣಿಸೋದು ಕಾಗದ ಎಷ್ಟು ಮೇಜು ದಾಟಿತು ಅಂತಲ್ಲ, ಸೇವೆ ಎಷ್ಟು ದಿನದಲ್ಲಿ ಸಿಕ್ಕಿತು ಅಂತ. ಗೊತ್ತುಪಡಿಸಿದ ದಿನ ಮೀರಿದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು. ಆದರೆ ಬೇಕನ್ ಹೇಳಿದ ಅಳತೆಗೋಲು ಅದೇ: ಕೆಲಸ ಎಷ್ಟು ಮುಂದೆ ಹೋಯ್ತು?

ಮುಮ್ಮಡಿಯವರು ಅರಸರಾಗಿದ್ದೂ ಒಂದು ಕಾಗದಕ್ಕಾಗಿ ದಶಕಗಳ ಕಾಲ ಕಾದರು. ಅವರ ಖರೀತಾಗಳೆಲ್ಲ ಸರಿಯಾಗಿ ರವಾನೆ ಆಗಿದ್ದವು, ಸ್ವೀಕೃತಿಯೂ ಆಗಿದ್ದವು, ದಾಖಲೆಯಲ್ಲೂ ಇವೆ. ವಿಲೇವಾರಿ ಆಗಲಿಲ್ಲ ಅಷ್ಟೇ. ಇವತ್ತು ಅರ್ಜಿ ಹಿಡಿದು ಸಾಲಲ್ಲಿ ನಿಂತವರು ಅರಸರಲ್ಲ, ಆದರೆ ಅವರಿಗೆ ಇಲ್ಲದಿದ್ದ ಒಂದು ಹಕ್ಕು ಇವರಿಗಿದೆ: ಪ್ರಶ್ನೆ ಕೇಳೋದು, ಉತ್ತರವನ್ನ ದಿನದ ಲೆಕ್ಕದಲ್ಲಿ ಕೇಳೋದು. ಹಾಗಾಗಿ ಮುಂದಿನ ಸಲ ಯಾರಾದರೂ ನಿಮಗೆ ಡಿಸ್ಪ್ಯಾಚ್ ಆಗಿದೆ ಅಂತ ಹೇಳಿದರೆ, ಆ ನಂಬರನ್ನ ಖಂಡಿತ ಬರೆದುಕೊಳ್ಳಿ. ಆಮೇಲೆ ಅಚ್ಚಕನ್ನಡದಲ್ಲಿ ಇನ್ನೊಂದು ಪ್ರಶ್ನೆ ಕೇಳಿ: "ರವಾನೆ ಆಗಿದ್ದು ಗೊತ್ತಾಯ್ತು ಸ್ವಾಮಿ, ವಿಲೇವಾರಿ ಯಾವಾಗ?"

ಇವತ್ತಿಗೆ ಇಷ್ಟು.  ಮುಂದಿನ ಕಂತಿನಲ್ಲಿ ಇನ್ನೊಂದು ಪದ ಹಿಡಿದುಕೊಂಡು ಬರ್ತೀನಿ.